ಈರಕ್ಕನ ಹೊಲದ ಮಣ್ಣು

ಗೌರಿಕಟ್ಟೆಯಲ್ಲಿ ಯಾವ ಕಾರ್ಯಕ್ರಮ ನಡೆದರೂ ಮೈಕಿನ ಮುಂದೆ ನಿಲ್ಲುವ ಮನುಷ್ಯ ಒಬ್ಬನೇ. ಶಾಲೆಯ ಸ್ವಾತಂತ್ರ್ಯ ದಿನಾಚರಣೆಯಾಗಲಿ, ಹಾಲಿನ ಡೈರಿಯ ವಾರ್ಷಿಕ ಸಭೆಯಾಗಲಿ, ಯಾರದೋ ಮನೆಯ ನಾಮಕರಣವಾಗಲಿ, ಸ್ವಾಗತ ಕೋರುವವನೂ ಓಂಕಾರಮೂರ್ತಿ, ವಂದನೆ ಹೇಳುವವನೂ ಓಂಕಾರಮೂರ್ತಿ. ನಡುವೆ ಭಾಷಣಕಾರರು ಕೈಕೊಟ್ಟರೆ ಭಾಷಣ ಮಾಡುವವನೂ ಅವನೇ. ಅಜ್ಜಂಪುರದ ಹೈಸ್ಕೂಲಿನಲ್ಲಿ ಓದುವಾಗ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಸ್ಟೀಲ್ ಲೋಟ ಈಗಲೂ ಅವನ ಮನೆಯ ಗಾಜಿನ ಬೀರುವಿನಲ್ಲಿದೆ. ಅದರಲ್ಲಿ ಯಾರಿಗೂ ನೀರು ಕೊಡುವಂತಿಲ್ಲ. ವಯಸ್ಸು ಅರವತ್ತು ದಾಟಿದರೂ ಗಂಟಲು ಮಾತ್ರ ಕಂಚು. "ನಮ್ಮನೇವ್ರು ಮಾತಾಡಕ್ಕೆ ನಿಂತ್ರೆ ಎಸರಿಗಿಟ್ಟ ನೀರು ಬತ್ತೋಗುತ್ತೆ ಕಣ್ರೀ" ಎಂದು ಹೆಂಡತಿ ಮಲ್ಲಿಕಾಂಬ ನಗುವುದುಂಟು. ಅವಳ ನಗುವಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಇತ್ತು ಎಂದೇ ಹೇಳಬೇಕು.

ಏಕೆಂದರೆ ಇದು ಅಂಥವನ ಬಾಯಿ ಕಟ್ಟಿಹೋದ ಕಥೆ. ಕಟ್ಟಿದ್ದು ವೈರಿಗಳಲ್ಲ, ಅವನ ತೋಟಕ್ಕೆ ಬಂದು ಬಿದ್ದ ಮಣ್ಣು.

ಅಜ್ಜಂಪುರದಿಂದ ತರೀಕೆರೆ ಕಡೆಗೆ ಹೋಗುವಾಗ ರಸ್ತೆಯ ಎರಡೂ ಬದಿಯಲ್ಲಿ ರಾಗಿ, ಜೋಳ ಬೆಳೆಯುತ್ತಿದ್ದ ಹೊಲಗಳು ಒಂದೊಂದಾಗಿ ಅಡಿಕೆ ತೋಟಗಳಾಗುತ್ತ ಬಂದವು. ಅಡಿಕೆ ಬೆಳೆಯುವವರಲ್ಲಿ ಒಂದು ಪದ್ಧತಿಯಿದೆ. ಕೆಲವು ವರ್ಷಗಳಿಗೊಮ್ಮೆ ತೋಟಕ್ಕೆ ಹೊಸ ಮಣ್ಣು ಹೊಡೆಸಬೇಕು. ಬುಡಕ್ಕೆ ಹೊಸ ಮಣ್ಣು ಬಿದ್ದರೆ ಬೇರು ಹುಮ್ಮಸ್ಸಾಗುತ್ತದೆ, ಗೊನೆ ತೂಗುತ್ತದೆ. ಅದು ಸುಳ್ಳಲ್ಲ. ಆದರೆ ಬರಬರುತ್ತ ಬೇಸಾಯದ ಮಾತು ಹೋಗಿ ಮರ್ಯಾದೆಯ ಮಾತಾಯಿತು. ಪಕ್ಕದ ತೋಟದವನು ಹೊಡೆಸಿದ ಮೇಲೆ ನಾವು ಹೊಡೆಸದಿದ್ದರೆ ನೆಂಟರ ಮುಂದೆ ತಲೆ ಎತ್ತುವುದು ಹೇಗೆ? ಹಿಂದೆ ಇದಕ್ಕೆ ಕೆರೆಯ ಹೂಳು ತರುತ್ತಿದ್ದರು. ಕೆರೆಗೂ ಒಳ್ಳೆಯದು, ತೋಟಕ್ಕೂ ಒಳ್ಳೆಯದು. ತೋಟಗಳು ಹೆಚ್ಚಿದ ಮೇಲೆ ಕೆರೆಗಳು ಸಾಲಲಿಲ್ಲ. ಆಗ ಜೆಸಿಬಿ ಇಟ್ಟುಕೊಂಡವರ ಕಣ್ಣು ಬಡವರ ಹೊಲಗಳ ಮೇಲೆ ಬಿತ್ತು. ಹೊಲದ ಮೇಲ್ಮಣ್ಣು ಎಂದರೆ ಬರಿಯ ಒಂದು ಮೊಳ, ತಲೆಮಾರುಗಳಿಂದ ಕೊಟ್ಟಿಗೆ ಗೊಬ್ಬರ ತಿಂದು ಹದವಾದದ್ದು. ಅದನ್ನು ಕೆರೆದು ಒಯ್ದರೆ ಕೆಳಗೆ ಉಳಿಯುವುದು ಗರಸು. ಅದರಲ್ಲಿ ಹುಲ್ಲು ಕೂಡ ಮನಸ್ಸಿಟ್ಟು ಬೆಳೆಯುವುದಿಲ್ಲ.

ಒಂದು ವರ್ಷ ಶಿವರಾತ್ರಿ ಕಳೆದ ಮೇಲೆ ಪಕ್ಕದ ತೋಟದ ಸೋಮಶೇಖರಪ್ಪ ಮಣ್ಣು ಹೊಡೆಸಿದ. ಊರಿನಲ್ಲಿ ಎಲ್ಲರಿಗಿಂತ ದೊಡ್ಡ ತೋಟ ಅವನದು. ಓಂಕಾರಮೂರ್ತಿಗೆ ತಡೆಯಲಾಗಲಿಲ್ಲ. ಜೆಸಿಬಿ, ಟಿಪ್ಪರ್ ಎರಡನ್ನೂ ಇಟ್ಟುಕೊಂಡು ಮಣ್ಣಿನ ಕಂಟ್ರಾಕ್ಟು ಮಾಡುವ ತಿಮ್ಮೇಶನನ್ನು ಕರೆಸಿದ.

"ಕೆರೆ ಹೂಳೇ ಹಾಕ್ಬೇಕು ಕಣೋ ತಿಮ್ಮೇಶ."

"ಕೆರೇದೇ ಕಣಣ್ಣ. ನಿಮ್ ತೋಟಕ್ಕೆ ಬ್ಯಾರೇದು ಹಾಕ್ತೀನಾ?"

ಬಂದದ್ದು ಕೆಮ್ಮಣ್ಣು, ಸೋಮಶೇಖರಪ್ಪನ ತೋಟಕ್ಕೆ ಬಿದ್ದಂಥದ್ದೇ. ಕೆರೆಯ ಹೂಳಾದರೆ ಕಪ್ಪಗಿರಬೇಕು, ಅದರಲ್ಲಿ ಬಸವನಹುಳುವಿನ ಚಿಪ್ಪು ಇರಬೇಕು. ಮೊದಲ ಟಿಪ್ಪರಿನ ಮಣ್ಣನ್ನು ಓಂಕಾರಮೂರ್ತಿ ಒಂದು ಹಿಡಿ ಎತ್ತಿಕೊಂಡು ಹಿಸುಕಿ ನೋಡಿದ. ಉತ್ತ ಹೊಲದ ಮಣ್ಣು, ಒಕ್ಕಲು ಮಗನಿಗೆ ಅಷ್ಟು ತಿಳಿಯುವುದಿಲ್ಲವೇ? 'ಎಲ್ಲಿಯದೋ ಇದು' ಎಂಬ ಮಾತು ಗಂಟಲವರೆಗೆ ಬಂತು. ಕೇಳಿದರೆ ತಿಮ್ಮೇಶ ಹೇಳಿಬಿಡುತ್ತಾನೆ, ಹೇಳಿದ ಮೇಲೆ ಬೇಡ ಎನ್ನಬೇಕಾಗುತ್ತದೆ. ಅಷ್ಟರಲ್ಲಿ ಎರಡನೆಯ ಟಿಪ್ಪರ್ ಹಿಂದೆಯೇ ಬರುತ್ತಿತ್ತು. ಓಂಕಾರಮೂರ್ತಿ ಕೈ ಕೊಡವಿಕೊಂಡ.

"ಚೆನ್ನಾಗಿದೆ, ಹಾಕು" ಎಂದ.

ಊರಾಚೆ ಬಯಲಿನಲ್ಲಿ ಈರಕ್ಕನ ಹೊಲ. ಅವಳು, ಗಂಡ ಈರಭದ್ರಪ್ಪ ಇಬ್ಬರೇ ದುಡಿಯುವವರು. ಆ ವರ್ಷ ಇದ್ದಷ್ಟು ಬೋರ್ ನೀರಿನಲ್ಲಿ ಹಿಂಗಾರಿಗೆ ಈರುಳ್ಳಿ ಹಾಕಿದ್ದವಳು ಊರಿಗೆಲ್ಲ ಅವಳೊಬ್ಬಳೇ. ಶಿವರಾತ್ರಿಗೆ ಮುಂಚೆ ಈರುಳ್ಳಿ ಕಿತ್ತು ಮಾರಿ, ಮಗಳ ಬಾಣಂತನಕ್ಕೆಂದು ಕಡೂರಿಗೆ ಹೋದಳು. ಅವಳಿಲ್ಲದ ಹೊತ್ತು ನೋಡಿ ತಿಮ್ಮೇಶ ಈರಭದ್ರಪ್ಪನ ಹತ್ತಿರ ಬಂದ. ಹೊಲ ಏರುತಗ್ಗಾಗಿದೆ, ಪುಕ್ಕಟೆ ಮಟ್ಟ ಮಾಡಿಕೊಡುತ್ತೇನೆ, ಹೆಚ್ಚಾದ ಮಣ್ಣು ಮಾತ್ರ ನನಗಿರಲಿ ಎಂದ. ಪುಕ್ಕಟೆ ಎಂದರೆ ಯಾರಿಗೆ ಬೇಡ? ಈರಭದ್ರಪ್ಪ ಹೂಂ ಅಂದುಬಿಟ್ಟ. ತಿಮ್ಮೇಶನ ಲೆಕ್ಕದಲ್ಲಿ ಮಣ್ಣೆಲ್ಲ ಹೆಚ್ಚಾದದ್ದೇ ಆಗಿತ್ತು. ಈರಕ್ಕ ವಾಪಸು ಬಂದಾಗ, ದಾರಿಯಿಂದ ಹತ್ತಿ ಹೋಗುತ್ತಿದ್ದ ಹೊಲಕ್ಕೆ ಇಳಿದು ಹೋಗಬೇಕಾಯಿತು. ಇಳಿದವಳು ಅಲ್ಲೇ ಕೂತು ಎದೆ ಬಡಿದುಕೊಂಡು ಅತ್ತಳು. ಆ ಅಳು ಕೇಳಿ ಊರು ಸೇರಿತು.

ಸಾಯಂಕಾಲ ಡೈರಿಯ ಮುಂದೆ ಸಭೆ. ಮೈಕು ಹಾಕಿದ್ದರು. ಮೈಕು ಹಾಕಿದ ಮೇಲೆ ಓಂಕಾರಮೂರ್ತಿಯನ್ನು ಕರೆಯಲೇಬೇಕಲ್ಲ. ಅವನಿಗೆ ಒಳಗೊಳಗೇ ಅಳುಕು. ಆದರೂ ತನ್ನ ತೋಟದ ಮಣ್ಣು ಬೇರೆ ಕಡೆಯದಿರಬಹುದು, ಕೆಮ್ಮಣ್ಣಿನ ಹೊಲ ಇದೊಂದೇ ಏನು ಎಂದು ಸಮಾಧಾನ ಹೇಳಿಕೊಂಡು ಎದ್ದು ನಿಂತ. ನಿಂತ ಮೇಲೆ ಅಳುಕೂ ಮರೆತುಹೋಯಿತು. ಅವತ್ತು ಅವನು ಮಾತಾಡಿದಂತೆ ಹಿಂದೆಂದೂ ಮಾತಾಡಿರಲಿಲ್ಲ. ಒಂದು ಮೊಳ ಮಣ್ಣು ಹುಟ್ಟಲು ಎಷ್ಟು ತಲೆಮಾರಿನ ಬೆವರು ಬೇಕು ಎಂದು ಕೇಳಿದ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಚಪ್ಪಾಳೆ ಏರುತ್ತಿದ್ದ ಹಾಗೆ ಅವನ ನಾಲಿಗೆಯೂ ಏರಿತು. "ಇನ್ನು ಮುಂದೆ ಮಣ್ಣು ಮಾರಿದವರಿಗೆ ಈ ಊರಿನಿಂದ ಯಾವ ಸಹಾಯವೂ ಇಲ್ಲ!" ಎಂದು ಘೋಷಿಸಿಬಿಟ್ಟ. ಮಣ್ಣು ಕೊಂಡವರ ವಿಷಯ ಅವನೂ ಎತ್ತಲಿಲ್ಲ, ಚಪ್ಪಾಳೆ ಹೊಡೆದವರೂ ಕೇಳಲಿಲ್ಲ.

ಹೊಲ ಉಳಿಸುವ ಸಮಿತಿ ಅಲ್ಲೇ ಹುಟ್ಟಿತು, ಅವನು ಅದರ ಅಧ್ಯಕ್ಷನೂ ಅಲ್ಲೇ ಆದ. ಮುಂದಿನದನ್ನು ಅಲ್ಲಗಳೆಯುವಂತಿಲ್ಲ. ಓಂಕಾರಮೂರ್ತಿ ನಿಜವಾಗಿ ದುಡಿದ. ಜನರನ್ನು ಕಟ್ಟಿಕೊಂಡು ರಸ್ತೆಗೆ ಅಡ್ಡ ನಿಂತು ಟಿಪ್ಪರ್‌ಗಳನ್ನು ವಾಪಸು ಕಳಿಸಿದ. ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸಿದ. ಮಠದ ಸ್ವಾಮಿಗಳು ಬೆಂಬಲ ಹೇಳಿ ಕಳಿಸಿದರು, ದುಡಿಯುವವರ ಊಟಕ್ಕೆ ಅಕ್ಕಿಯನ್ನೂ ಕೊಟ್ಟರು. ಮನೆಗೊಬ್ಬರು ಶ್ರಮದಾನಕ್ಕೆ ಒಪ್ಪಿದರು. ಕೊನೆಗೆ ಆ ಬಯಲಿನ ಹೊಲಗಳಿಗೆ ಬದು ಹಾಕಿಸಿ, ಕೃಷಿಹೊಂಡ ತೋಡಿಸಿಕೊಡಲು ಸರ್ಕಾರದ ಹಣ ಮಂಜೂರಾಯಿತು. ಹೊಲದವರು ಮಣ್ಣು ಮಾರುವುದಿಲ್ಲ, ಸೈಟು ಮಾಡುವುದಿಲ್ಲ ಎಂದು ಬರೆದುಕೊಡಬೇಕು, ಅಷ್ಟೇ. ಓಂಕಾರಮೂರ್ತಿಯ ಫೋಟೋ ಪೇಪರಿನಲ್ಲಿ ಬಂತು.

ಫೋಟೋ ಬಂದ ವಾರದಲ್ಲೇ ಮುಂಗಾರಿಗೆ ಮುಂಚಿನ ಭರಣಿ ಮಳೆಯೂ ಬಂತು.

ಮಳೆ ಬಿದ್ದು ನಾಲ್ಕಾರು ದಿನಕ್ಕೆ ತೋಟಕ್ಕೆ ಹೋದ ಓಂಕಾರಮೂರ್ತಿ ನಿಂತಲ್ಲೇ ನಿಂತ. ಅಡಿಕೆ ಸಾಲುಗಳ ನಡುವೆ, ಹೊಸ ಮಣ್ಣಿನ ತುಂಬ, ಹಸಿರು ಕೊಳವೆಯಂಥ ಎಲೆಗಳು ಬೆರಳುದ್ದ ಎದ್ದು ನಿಂತಿದ್ದವು. ಈರುಳ್ಳಿ! ಕೀಳುವಾಗ ಮಣ್ಣಿನಲ್ಲಿ ಉಳಿದ ಗೋಲಿಯಷ್ಟು ಗಡ್ಡೆಗಳೆಲ್ಲ ಮಳೆಗೆ ಚಿಗುರಿದ್ದವು. ಯಾರಾದರೂ ನೋಡಿದರೇ ಎಂದು ಅತ್ತಿತ್ತ ನೋಡಿ, ಪಂಚೆ ಎತ್ತಿ ಕಟ್ಟಿ, ಕುಕ್ಕರುಗಾಲಿನಲ್ಲಿ ಕೂತು ಕೀಳತೊಡಗಿದ. ಕಿತ್ತಷ್ಟೂ ಇದ್ದವು.

"ಏನ್ರೀ ಇದು, ನೀವು ಕಳೆ ಕೀಳೋದಾ?" ಮಲ್ಲಿಕಾಂಬ ಕಾಫಿ ತಂದವಳು ಬೆರಗಾಗಿ ನಿಂತಳು.

"ಸುಮ್ನೆ ಕಣೇ. ಹುಲ್ಲು ಜಾಸ್ತಿಯಾಗಿತ್ತು."

ಅವಳು ಒಂದು ಎಲೆ ಮುರಿದು ಮೂಸಿದಳು. ಗಂಡನ ಮುಖ ನೋಡಿದಳು.

"ಇದು ಈರಕ್ಕನ ಹೊಲದ್ದು ಅಲ್ವೇನ್ರೀ?"

"ನಂಗೇನು ಗೊತ್ತು? ತಿಮ್ಮೇಶ ಕೆರೆ ಮಣ್ಣು ಅಂದಿದ್ದ."

"ಕೆರೇಲಿ ಯಾರಾದ್ರೂ ಈರುಳ್ಳಿ ಬೆಳೀತಾರಾ?" ಎಂದು ಕೇಳಿ, ಕಾಫಿ ಲೋಟ ಬದುವಿನ ಮೇಲಿಟ್ಟು ಅವಳು ಹೊರಟುಹೋದಳು.

ಕಿತ್ತದ್ದನ್ನು ಎಲ್ಲಿ ಬಚ್ಚಿಡುವುದು? ತಿಪ್ಪೆಗೆ ಹಾಕಿದರೆ ಯಾರಾದರೂ ಕಾಣುತ್ತಾರೆ. ಬುದ್ಧಿವಂತನಿಗೆ ಹಸು ನೆನಪಾಯಿತು. ಎಲ್ಲವನ್ನೂ ತಂದು ಕೊಟ್ಟಿಗೆಯಲ್ಲಿ ಗೊಂತಿಗೆ ಸುರಿದ. ಹಸು ಚಪ್ಪರಿಸಿಕೊಂಡು ತಿಂದಿತು. ಪೀಡೆ ಕಳೆಯಿತು ಎಂದುಕೊಂಡ.

ಮಾರನೆಯ ದಿನ ಬೆಳಗ್ಗೆ ಡೈರಿಯ ಕ್ಯೂನಲ್ಲಿ ಅವನ ಕ್ಯಾನಿನ ಮುಚ್ಚಳ ತೆಗೆದ ಸೆಕ್ರೆಟರಿ ಮೂಗು ಮುರಿದ. "ಏನಣ್ಣ, ಹಾಲು ಪೂರ್ತಿ ಈರುಳ್ಳಿ ನಾತ. ಹಸೂಗೆ ಪಲ್ಯ ಮಾಡಿ ಹಾಕಿದ್ರಾ?" ಎಂದು ಕ್ಯಾನು ವಾಪಸು ತಳ್ಳಿದ. ಕ್ಯೂನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಓಂಕಾರಮೂರ್ತಿಯೂ ಹಲ್ಲು ಕಿರಿದ. ನಗದೆ ಇದ್ದವಳು ಒಬ್ಬಳು, ಅವನ ಹಿಂದೆಯೇ ಕ್ಯಾನು ಹಿಡಿದು ನಿಂತಿದ್ದ ಈರಕ್ಕ. ಅವಳು ಮೊದಲು ಅವನ ಮುಖ ನೋಡಿದಳು. ಆಮೇಲೆ ಅವನ ಉಗುರುಸಂದಿಯ ಕೆಮ್ಮಣ್ಣು ನೋಡಿದಳು. ಓಂಕಾರಮೂರ್ತಿ ಎರಡೂ ಕೈಗಳನ್ನು ಟವೆಲಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದ. ಕ್ಯಾನು ಅಲ್ಲೇ ಬಿಟ್ಟು ಬಂದದ್ದು ಮನೆ ಸೇರಿದ ಮೇಲೆ ನೆನಪಾಯಿತು.

ಯೋಜನೆಗೆ ಯಾವ ಯಾವ ಹೊಲ ಸೇರಬೇಕು ಎಂದು ತೀರ್ಮಾನಿಸಲು ಕೃಷಿ ಇಲಾಖೆಯ ಅನುಪಮಾ ಮೇಡಂ ಬಂದದ್ದು ಅದಾದ ಮೇಲೆ. ಸಮುದಾಯ ಭವನ ತುಂಬಿತ್ತು. ಒಂದೊಂದೇ ಹೊಲದ ಹೆಸರು ಬಂತು, ಒಪ್ಪಿಗೆಯಾಯಿತು. ಈರಕ್ಕನ ಹೊಲ ಬಂದಾಗ ಮೇಡಂ ಪೆನ್ನು ಕೆಳಗಿಟ್ಟರು.

"ಇಲ್ಲಿ ಮೇಲ್ಮಣ್ಣೇ ಇಲ್ವಲ್ಲ. ಬದು ಹಾಕಿ ಏನನ್ನ ಉಳಿಸೋದು? ಮಣ್ಣು ವಾಪಸ್ ಬಂದ್ರೆ ಸೇರಿಸಬಹುದು. ಎಲ್ಲಿಗೆ ಹೋಗಿದೆ?"

"ಮಾರ್ಕೊಂಡಿದಾರೆ ಮೇಡಂ" ಎಂದ ಸೋಮಶೇಖರಪ್ಪ. "ಮಾರ್ಕೊಂಡೋರಿಗೆ ಸಹಾಯ ಇಲ್ಲ ಅಂತ ನಮ್ ಅಧ್ಯಕ್ಷರೇ ಹೇಳವ್ರೆ."

"ಮಾರಿಲ್ಲಪ್ಪ, ಮೋಸ ಹೋದ್ವಿ" ಎಂದು ಈರಕ್ಕ ಎದ್ದು ನಿಂತಳು.

"ಯಾರ ತೋಟಕ್ಕೆ ಹೋಯ್ತು ಅಂತ ಗೊತ್ತೇನಮ್ಮ?" ಎಂದರು ಮೇಡಂ.

ಈರಕ್ಕ ಓಂಕಾರಮೂರ್ತಿಯ ಕಡೆ ತಿರುಗಿದಳು. ಮೈಕು ಅವನ ಕೈಯಲ್ಲೇ ಇತ್ತು. ಒಂದು ಮಾತು, ನನ್ನ ತೋಟದಲ್ಲಿದೆ ಎಂಬ ಒಂದೇ ಮಾತು ಸಾಕಿತ್ತು. ನಾಲಿಗೆ ಹೊರಳಲಿಲ್ಲ. ಉಗುಳು ನುಂಗಿದ್ದು ಮೈಕಿನಲ್ಲಿ ಕೇಳಿಸಿತು. ಈರಕ್ಕ ಮೇಡಂ ಕಡೆ ತಿರುಗಿದಳು.

"ತರೀಕೆರೆ ಕಡೆ ಹೋಯ್ತಂತೆ ಮೇಡಂ. ಯಾರ್ದು ಅಂತ ನಂಗೊತ್ತಿಲ್ಲ" ಎಂದು ಕೂತಳು.

ಆ ಕ್ಷಣದಲ್ಲಿ ಓಂಕಾರಮೂರ್ತಿಗೆ ಆದದ್ದು ದುಃಖವಲ್ಲ, ಪಶ್ಚಾತ್ತಾಪವಲ್ಲ. ಅಬ್ಬ ಬದುಕಿದೆ ಎಂದು ನಿರಾಳವಾಯಿತು. ಅದನ್ನು ನೆನೆದರೆ ಇವತ್ತಿಗೂ ಅವನು ಉಣ್ಣುವ ತಟ್ಟೆ ಬಿಟ್ಟು ಎದ್ದುಬಿಡುತ್ತಾನೆ. ಈರಕ್ಕನ ಹೊಲ ಬಿಟ್ಟುಹೋಯಿತು. "ಮುಂದಿನ ವಿಷಯ" ಎಂದು ಘೋಷಿಸಿದವನೂ ಅವನೇ. ಕೊನೆಯಲ್ಲಿ ಎಂದಿನಂತೆ ವಂದನಾರ್ಪಣೆಯನ್ನೂ ಮಾಡಿದ.

ಆಮೇಲೆ ಮನೆಯಲ್ಲಿ ಅವನಿಗೂ ಮಲ್ಲಿಕಾಂಬಳಿಗೂ ಊಟ, ಕಾಫಿ ಬಿಟ್ಟರೆ ಮಾತಿಲ್ಲ. ಎರಡು ದಿನ ತಡೆದು, ಮೂರನೆಯ ದಿನ ಈರಕ್ಕನ ಹೊಲಕ್ಕೆ ಹೋದ. ಅವಳು ಗರಸಿನಲ್ಲಿ ಕಲ್ಲು ಆರಿಸುತ್ತಿದ್ದಳು.

"ಈರಕ್ಕ, ಅವತ್ತು ಯಾಕೆ ಹಂಗಂದೆ?"

"ಇನ್ನೇನನ್ನಬೇಕಿತ್ತು? ನಿನ್ ಹೆಸರೇಳಿದ್ರೆ ಸಮಿತಿ ಅವತ್ತೇ ಮುರ್ಕೊಂಡ್ ಬೀಳೋದು. ತಿಮ್ಮೇಶ ಅದಕ್ಕೇ ಕಾಯ್ತಾವ್ನೆ. ನಂದಂತೂ ಹೋಯ್ತು. ಮಿಕ್ಕೋರ್ದಾದ್ರೂ ಉಳೀಲಿ ಅಂತ ಸುಮ್ಕಾದೆ. ನಿನ್ ಮೇಲಿನ ಪಿರೂತಿಗಲ್ಲ."

"ಒಂದು ಟ್ರ್ಯಾಕ್ಟರ್ ಗೊಬ್ಬರ ಕಳಿಸ್ತೀನಿ ಕಣವ್ವ..."

"ಗರಸಿಗೆ ಗೊಬ್ಬರ ಹಾಕಿದ್ರೆ ಮಣ್ಣಾಗುತ್ತಾ ಓಂಕಾರಣ್ಣ? ನೀನೇ ಹೇಳಿದ್ಯಲ್ಲ, ಒಂದ್ ಮೊಳ ಮಣ್ಣಿಗೆ ಎಷ್ಟ್ ತಲೆಮಾರು ಬೇಕು ಅಂತ. ಅವತ್ತು ನಾನೂ ಅಲ್ಲೇ ಕೂತಿದ್ದೆ." ಇಷ್ಟು ಹೇಳಿ ಅವಳು ಮತ್ತೆ ಕಲ್ಲಿಗೆ ಬಗ್ಗಿದಳು. ಓಂಕಾರಮೂರ್ತಿ ತಾನೇ ಹೊರಟು ಬಂದ.

ಬದು ಕೆಲಸ ಶುರುವಾದ ದಿನ ಬಯಲಿನಲ್ಲಿ ಶಾಮಿಯಾನ. ಗುದ್ದಲಿ ಪೂಜೆಗೆ ಎಲ್ಲ ಸಿದ್ಧ. ಅನುಪಮಾ ಮೇಡಂ ಕೂತಿದ್ದರು. ಓಂಕಾರಮೂರ್ತಿಗೆ ಹಾಕಲು ಹಾರ, ಶಾಲು ತಂದಿದ್ದರು. ಸ್ವಾಗತ ಕೋರಲು ಎದ್ದವನು ತಟ್ಟೆಯಲ್ಲಿದ್ದ ಆ ಶಾಲನ್ನು ನೋಡಿದ. ಅದನ್ನು ಹೊದ್ದರೆ ಇನ್ನು ಯಾವತ್ತೂ ಹೇಳಲಾಗುವುದಿಲ್ಲ ಎಂದು ಅವನಿಗೆ ಅನ್ನಿಸಿತು. ಹೇಳಿಬಿಟ್ಟ.

"ಈರಕ್ಕನ ಹೊಲದ ಮಣ್ಣು ತರೀಕೆರೆಗೆ ಹೋಗಿಲ್ಲ. ನನ್ನ ತೋಟದಲ್ಲಿದೆ. ಹೊಲದ ಮಣ್ಣು ಅಂತ ಬಂದ ದಿನಾನೇ ಗೊತ್ತಾಯ್ತು. ಗೊತ್ತಾಗಿಯೂ ಹಾಕಿಸಿಕೊಂಡೆ. ಯಾರದು ಅಂತ ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡಿದ್ದೆ."

ಅವನ ಜೀವಮಾನದಲ್ಲೇ ಇಷ್ಟು ಚಿಕ್ಕ ಭಾಷಣ ಮಾಡಿರಲಿಲ್ಲ. ಸೋಮಶೇಖರಪ್ಪ ಜಿಗಿದು ಬಂದು ಅವನ ರಟ್ಟೆ ಹಿಡಿದ. "ಲೇ, ಕೂತ್ಕಳಯ್ಯ! ನಿಂದೊಂದೇ ತೋಟಾನಾ? ಎಲ್ರ ತೋಟಾನೂ ಕೆದಕಕ್ಕೆ ಹೊಂಟಿದ್ಯಲ್ಲ!" ಮೈಕು ಇನ್ನೂ ಚಾಲೂ ಇತ್ತು. ಸೋಮಶೇಖರಪ್ಪನ ಮಾತು ಬಯಲಿಗೆಲ್ಲ ಕೇಳಿತು. ಮುಂದಿನ ಸಾಲಿನ ತೋಟದವರೆಲ್ಲ ಒಮ್ಮೆಗೇ ತಮ್ಮ ಚಪ್ಪಲಿ ನೋಡಿಕೊಳ್ಳತೊಡಗಿದರು.

ಊರೆಂದರೆ ಊರೇ. ತಮ್ಮ ಮೇಲೆ ಬಂದದ್ದನ್ನು ಇನ್ನೊಬ್ಬರ ಮೇಲೆ ಹಾಕಲು ಎಷ್ಟು ಹೊತ್ತು? "ಹಂಗಾದ್ರೆ ಈರಕ್ಕ ಮೇಡಂ ಮುಂದೆ ಸುಳ್ಳೇಳಿದ್ಲಾ?" ಎಂದು ಯಾರೋ ಹಿಂದಿನಿಂದ ಕೂಗಿದರು. ಹೌದಲ್ಲ, ಹೌದಲ್ಲ ಎಂದು ಗುಜುಗುಜು ಎದ್ದಿತು. ಕಣ್ಣುಗಳೆಲ್ಲ ಅವಳ ಕಡೆ ತಿರುಗಿದವು.

ಈರಕ್ಕ ಎದ್ದಳು. "ಹೂಂ, ಹೇಳ್ದೆ" ಎಂದಳು. ಆಮೇಲೆ ಓಂಕಾರಮೂರ್ತಿಯನ್ನೇ ನೋಡಿ, "ಅವತ್ತು ನಾನೊಬ್ಳೇ ನಿಂತಿದ್ದಾಗ ನೀನು ಈ ಮಾತಂದಿದ್ರೆ ನನ್ ಹೊಲ ಉಳಿಯೋದು. ಇವತ್ತು ಅಂದು ನನ್ನ ಸುಳ್ಳಿ ಮಾಡ್ದೆ. ಒಪ್ಕೊಂಡ್ ಪುಣ್ಯ ನಿಂಗೆ ಬಂತು, ಕೆಟ್ಟೆಸರು ನಂಗೆ ಬಂತು" ಎಂದಳು.

ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಎಂದು ಅವನು ಎಣಿಸಿದ್ದ. ಹಗುರಾಗಲಿಲ್ಲ. ನಾಚಿಕೆ ಎಂದರೆ ಮುಖ ಕೆಂಪಾಗುವುದು ಎಂದು ಅಲ್ಲಿಯವರೆಗೆ ತಿಳಿದಿದ್ದ. ಹಾಗಲ್ಲ, ಎಲ್ಲಿ ಕೈ ಇಡಬೇಕು, ಎಲ್ಲಿ ನೋಡಬೇಕು ಎಂದು ಗೊತ್ತಾಗದೆ ಹೋಗುವುದು.

ಅನುಪಮಾ ಮೇಡಂ ಒಂದೇ ಮಾತು ಹೇಳಿದರು. "ಮುಂಗಾರು ಹಿಡಿಯೋದ್ರೊಳಗೆ ಹೊಲಕ್ಕೆ ಮಣ್ಣು ಬಂದ್ರೆ ಸೇರಿಸ್ತೀನಿ. ಆದ್ರೆ ಪೂರ್ತಿ ಬರಬೇಕು. ಒಂದು ಮೂಲೇಲಿ ಹರಡಿ ತೋರಿಸಿದ್ರೆ ಆಗಲ್ಲ."

ಟ್ರ್ಯಾಕ್ಟರ್ ಹೇಳಿದವಳು ಮಲ್ಲಿಕಾಂಬ. ಗಂಡನನ್ನು ಕೇಳಲಿಲ್ಲ. ಬೆಳಗ್ಗೆ ಅವನು ಏಳುವಷ್ಟರಲ್ಲಿ ಟ್ರ್ಯಾಕ್ಟರ್ ತೋಟದ ಬಾಗಿಲಲ್ಲಿತ್ತು, ಅವಳು ಸೆರಗು ಸಿಕ್ಕಿಸಿಕೊಂಡು ಮಂಕರಿ ಹಿಡಿದು ನಿಂತಿದ್ದಳು. ಅಡಿಕೆಯ ಎಳೆ ಬೇರುಗಳು ಆಗಲೇ ಹೊಸ ಮಣ್ಣಿಗೆ ಬಂದಿದ್ದವು. ಕೆರೆಯುವಾಗ ಬಿಳಿ ಬಿಳಿಯಾಗಿ ಕಿತ್ತು ಬಂದವು. ಬರುವ ವರ್ಷದ ಫಸಲು ಏನಾದೀತು ಎಂಬುದು ಇಬ್ಬರಿಗೂ ಗೊತ್ತಿತ್ತು. ಮಣ್ಣು ಹೊತ್ತ ಟ್ರ್ಯಾಕ್ಟರ್ ಡೈರಿಯ ಮುಂದೆ ಹಾದುಹೋಗುವಾಗ ಓಂಕಾರಮೂರ್ತಿ ಟ್ರೈಲರಿನ ಹಿಂದೆ ನಡೆದ. ಜನ ನಿಂತು ನೋಡಿದರು. ಸಮಿತಿಯಲ್ಲಿ ಅವನ ಜಾಗಕ್ಕೆ ಬೇರೆಯವರನ್ನು ಕೂರಿಸಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಮಣ್ಣು ವಾಪಸು ಕೊಡುತ್ತೇನೆ ಎಂದು ಮಾತ್ರ ಬೇರೆ ಯಾವ ತೋಟದವನೂ ಬಾಯಿಬಿಡಲಿಲ್ಲ.

ಕೊನೆಯ ಲೋಡು ಇಳಿಸಿ, ಹರಡಿ, ಓಂಕಾರಮೂರ್ತಿ ಸೊಂಟ ನೆಟ್ಟಗೆ ಮಾಡಿದ. ಹೊಲದ ಅರ್ಧ ಕೂಡ ಮುಚ್ಚಿರಲಿಲ್ಲ. ಆಚೆಗೆಲ್ಲ ಗರಸು ಹಾಗೇ ಬಿದ್ದಿತ್ತು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು.

"ನನ್ನ ತೋಟದ್ದು ಇಷ್ಟೇ ಈರಕ್ಕ. ಮುಗೀತು."

"ನಿಂದು ಮುಗೀತು. ನನ್ನ ಹೊಲದ್ದು ಮುಗಿದಿಲ್ವಲ್ಲ" ಎಂದಳು ಈರಕ್ಕ. "ಮಿಕ್ಕಿದ್ದು ಯಾರ್ಯಾರ ತೋಟದಾಗೈತೆ ಅಂತ ನಿಂಗೊತ್ತು. ಹೋಗಿ ಕೇಳು."

"ನಾನು ಕೇಳಿದ್ರೆ ಕೊಡ್ತಾರೇನವ್ವ? ನನ್ನ ಮುಖ ನೋಡಲ್ಲ ಈಗ ಯಾರೂ."

"ನಾನ್ ಕೇಳಿದ್ರೆ ಕೊಡ್ತಾರಾ?"

ಓಂಕಾರಮೂರ್ತಿ ಮಂಕರಿ ಕೆಳಗಿಟ್ಟ. ಮೈಗೆ ಹತ್ತಿದ ಮಣ್ಣನ್ನೂ ತೊಳೆಯದೆ ಸೋಮಶೇಖರಪ್ಪನ ಮನೆಗೆ ನಡೆದ. ಮೂವತ್ತು ವರ್ಷದಿಂದ ಹಬ್ಬಕ್ಕೆ, ಮದುವೆಗೆ ಕರೆಸಿಕೊಂಡು ಹೋಗಿ ಉಂಡುಬಂದ ಮನೆ. ಗೇಟು ಹಾಕಿತ್ತು. ಕಿಟಕಿಯಲ್ಲಿ ಯಾರೋ ಅವನನ್ನು ನೋಡಿ ಪರದೆ ಎಳೆದುಕೊಂಡರು. ಒಳಗೆ ಟಿವಿಯ ಸದ್ದು ನಿಂತಿತು.

"ಸೋಮಣ್ಣ, ಈರಕ್ಕನ ಮಣ್ಣು ಕೇಳಕ್ಕೆ ಬಂದಿದೀನಿ" ಎಂದು ಕೂಗಿದ. ಅಕ್ಕಪಕ್ಕದವರು ಹೊರಗೆ ಬಂದು ನಿಂತರು. ಸೋಮಶೇಖರಪ್ಪ ಬರಲಿಲ್ಲ.

ಹನಿ ಬೀಳತೊಡಗಿತು. ಓಂಕಾರಮೂರ್ತಿ ಗೇಟು ಹಿಡಿದುಕೊಂಡು ಮತ್ತೆ ಕೂಗಿದ.